ನೇರ ಪ್ರಸಾರದಲ್ಲಿ ಬಿಚ್ಚಿದ ಮಂಡಿ

ಆರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ರೇಡಿಯೊದಲ್ಲಿ ದೊಡ್ಡ ದೊಡ್ಡ ಸಾಧಕರನ್ನು ಮಾತನಾಡಿಸುತ್ತಿದ್ದೇನೆ. ಕಾರ್ಯಕ್ರಮದ ಹೆಸರು ‘ಮನಬಿಚ್ಚಿ’. ನಿಜ ಹೇಳಬೇಕೆಂದರೆ, ಮನಸ್ಸು ಬಿಚ್ಚಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಶ್ರಮ, ತಾಳ್ಮೆ, ಹೆತ್ತವರ ಆಶೀರ್ವಾದ ಎಂಬ ಮೂರು ಡಬ್ಬಿಗಳಿಂದಲೇ ಉತ್ತರ ತೆಗೆದುಕೊಟ್ಟು, ಮೆಲ್ಲನೆ ಗಡಿಯಾರ ನೋಡುತ್ತಿದ್ದರು.

ಆ ಭಾನುವಾರ ಬಂದವರು ಒಬ್ಬ ಎಂಜಿನಿಯರ್, ಅರುವತ್ತೆಂಟು ವರ್ಷದ ಹೆಂಗಸು. ಕಾಲು ಕಳೆದುಕೊಂಡವರಿಗಾಗಿ ಅಗ್ಗದ, ಗಟ್ಟಿಮುಟ್ಟಾದ ಕೃತಕ ಮಂಡಿಯೊಂದನ್ನು ರೂಪಿಸಿದವರು. ಅರುವತ್ತು ಸಾವಿರ ಜನ ಅದನ್ನು ಹಾಕಿಕೊಂಡು ಓಡಾಡುತ್ತಿದ್ದರು. ಅವರೆಲ್ಲ ಇವರನ್ನು ಮಂಡಿಯಮ್ಮ ಎಂದೇ ಕರೆಯುತ್ತಿದ್ದರು.

ಆ ಅರುವತ್ತು ಸಾವಿರದಲ್ಲಿ ಒಬ್ಬ ನಮ್ಮ ಸ್ಟುಡಿಯೊದಲ್ಲೇ ಇದ್ದ. ಸೌಂಡ್ ಎಂಜಿನಿಯರ್, ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು. ಎರಡು ಗೋಡೆಯಾಚೆ ಫ್ಯಾನ್ ಗುಂಯ್‌ಗುಟ್ಟಿದರೂ ಹೋಗಿ ಆರಿಸಿ ಬರುವವನಾದ್ದರಿಂದ ಎಲ್ಲರಿಗೂ ಅವನು ಕಿವಿಯಣ್ಣ. ಎಂಟು ವರ್ಷದ ಹಿಂದೆ ಲಾರಿಯೊಂದು ಅವನ ಬಲಗಾಲನ್ನು ತೊಡೆಯವರೆಗೆ ತೆಗೆದುಕೊಂಡಿತ್ತು. “ನನ್ನ ವಿಷಯ ಎತ್ತಬೇಡ ಮಾರಾಯ್ತಿ, ಇದು ಅವರ ಕಾರ್ಯಕ್ರಮ” ಎಂದು ಮೊದಲೇ ನನ್ನ ಬಾಯಿಗೆ ಬೀಗ ಹಾಕಿದ್ದ.

ಮೊದಲ ನಲವತ್ತು ನಿಮಿಷ ಸಪ್ಪೆಯಾಗಿಯೇ ಸಾಗಿತು. ಮಂಡಿಯಮ್ಮ ಎರಡನೆಯ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಅವರ ಮೈಕು ಕರಕರ ಎನ್ನತೊಡಗಿತು. ಕಿವಿಯಣ್ಣ ಗಾಜಿನಾಚೆಯ ತನ್ನ ಕೋಣೆಯಿಂದ ಹೊಸ ವೈರು ಹಿಡಿದು, ಕಳ್ಳಹೆಜ್ಜೆ ಇಡುತ್ತ ಬಂದ. ಆ ಕೋಣೆಯಿಂದ ನಮ್ಮ ಕಡೆಗೆ ಎರಡು ಮೆಟ್ಟಿಲು ಇಳಿಯಬೇಕು.

ಟಿಕ್. ಟಿಕ್.

ಮಂಡಿಯಮ್ಮನ ಮಾತು ಅರ್ಧಕ್ಕೇ ನಿಂತಿತು. ಕುತ್ತಿಗೆ ಗಕ್ಕನೆ ಅತ್ತ ತಿರುಗಿತು.

“ನೀವು ಹಾಕಿರೋದು ನನ್ನ ಮಂಡಿ ಅಲ್ವಾ?”

“ಹೌದಮ್ಮ. ಕ್ಷಮಿಸಿ, ಸದ್ದಾಗಿಹೋಯ್ತು.”

“ಹತ್ತಿ, ಇನ್ನೊಂದು ಸಲ ಇಳೀರಿ.”

“ಅಮ್ಮಾ, ನೇರ ಪ್ರಸಾರ ನಡೀತಿದೆ.”

“ನಡೀಲಿ ಬಿಡಿ! ಕೇಳೋರೂ ಕೇಳಲಿ.”

ಪ್ರಶ್ನೆಗಳ ಹಾಳೆಯನ್ನು ಆಚೆ ಸರಿಸಿ, ಕೈಮೈಕು ಎತ್ತಿಕೊಂಡು ಹೋಗಿ ಮೆಟ್ಟಿಲ ಬಳಿ ಕುಕ್ಕರುಗಾಲಲ್ಲಿ ಕೂತೆ. ಅವನು ಹತ್ತಿದ. ಸದ್ದಿಲ್ಲ. ಇಳಿದ. ಟಿಕ್. ಮತ್ತೆ ಹತ್ತಿದ, ಇಳಿದ. ಟಿಕ್. ಊರೆಲ್ಲ ಕೇಳಿಸಿಕೊಂಡಿತು.

“ಎಷ್ಟು ದಿನದಿಂದ ಇದು?”

“ನಾಲ್ಕು ವರ್ಷ ಆಗಿರಬಹುದು.”

“ನಾಲ್ಕು ವರ್ಷ! ಒಂದು ಮಾತು ಹೇಳೋಕೇನಾಗಿತ್ತು?”

“ಕಾಲೇ ಇಲ್ಲದೆ ಇದ್ದೋನಿಗೆ ಕಾಲು ಸಿಕ್ಕಿದೆ. ಅದು ಟಿಕ್ ಅನ್ನುತ್ತೆ ಅಂತ ದೂರೋಕೆ ಮನಸ್ಸು ಬರುತ್ತಾ ಅಮ್ಮಾ?”

“ಇಳಿಯೋವಾಗ ಹೇಗನ್ಸುತ್ತೆ? ನನ್ನ ಮುಖ ನೋಡಿ ಒಳ್ಳೇದು ಹೇಳಬೇಡಿ.”

ಕಿವಿಯಣ್ಣ ತಡೆದು ತಡೆದು ಹೇಳಿದ. “ಒಂದು ಗಳಿಗೆ ಕೆಳಗೆ ಏನೂ ಇಲ್ಲ ಅನ್ಸುತ್ತೆ. ಕೈಗೆ ಕಂಬಿ ಸಿಗದಿದ್ರೆ ನಾನು ಇಳಿಯೋದೇ ಇಲ್ಲ.”

ಮಂಡಿಯಮ್ಮ ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಮೈಕನ್ನು ಅವರ ಗಲ್ಲದ ಹತ್ತಿರ ಹಿಡಿದೆ. ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ.

“ನಮ್ಮಣ್ಣನಿಗಾಗಿ ಮಾಡಿದ ಮಂಡಿ ಇದು” ಎಂದರು. “ಮರ ಕೊಯ್ಯೋ ಮಿಲ್ಲಲ್ಲಿ ಅವನ ಕಾಲು ಹೋಯ್ತು. ನಾನು ಕಾಲೇಜಿಂದ ಬಂದವಳು, ನನ್ನ ಸಮಾನ ಯಾರು ಅನ್ನೋ ಜಂಬ ಬೇರೆ. ಮೂರು ವರ್ಷ ಹೆಣಗಿ ಮಂಡಿ ಮಾಡಿಕೊಟ್ಟೆ. ಎರಡೇ ದಿನ ಹಾಕ್ಕೊಂಡ, ಬಿಚ್ಚಿ ಮೊಳೆಗೆ ನೇತುಹಾಕಿದ. ‘ಇಳಿಯೋವಾಗ ಕೈ ಕೊಡುತ್ತೆ ಕಣೇ’ ಅಂದ. ನಾನು ನಂಬಲಿಲ್ಲ. ಹೆದರುಪುಕ್ಕ ಅಂದೆ! ಅವನ ಮುಖದ ಮೇಲೇ ಅಂದೆ. ಕೊನೇವರೆಗೂ ಊರುಗೋಲಲ್ಲೇ ನಡೆದ. ಎಲ್ಲಾ ಸಮಾರಂಭದಲ್ಲೂ ಅಣ್ಣನಿಗಾಗಿ ಮಾಡಿದೆ ಅಂತ ಭಾಷಣ ಬಿಗಿದಿದ್ದೀನಿ. ಅವನು ಹಾಕ್ಕೊಳ್ಳಲೇ ಇಲ್ಲ ಅಂತ ಇವತ್ತಿನವರೆಗೆ ಎಲ್ಲೂ ಹೇಳಿಲ್ಲ.”

ಕಣ್ಣಲ್ಲಿ ನೀರು ತುಂಬಿದ್ದರೂ ಅಳುತ್ತ ಕೂರುವವರಲ್ಲ ಅವರು. ಎದ್ದರು. ಕೈಚೀಲದಿಂದ ಚರ್ಮದ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಒಳಗೆ ಸಣ್ಣ ಸಣ್ಣ ಸ್ಪಾನರು, ಸ್ಕ್ರೂಡ್ರೈವರು, ಒಂದು ಭೂತಗನ್ನಡಿ.

“ಬಿಚ್ಚಿ ಕೊಡಿ.”

“ಈಗಲೇನಾ?”

“ಈಗಲ್ಲದೆ ಇನ್ಯಾವಾಗ?”

ಕಿವಿಯಣ್ಣನ ಹೆಂಡತಿ ಅವನ ಪ್ಯಾಂಟಿನ ಹೊರಮಗ್ಗುಲಿಗೆ ಉದ್ದಕ್ಕೂ ಜಿಪ್ ಹೊಲಿದುಕೊಟ್ಟಿದ್ದಳು. ಅದನ್ನು ಎಳೆದು, ಪಟ್ಟಿ ಸಡಿಲಿಸಿ, ಕಾಲನ್ನು ತೆಗೆದು ಮೇಜಿನ ಮೇಲಿಟ್ಟ. ನನ್ನ ಭುಜ ಹಿಡಿದು ಕುಪ್ಪಳಿಸುತ್ತ ಮೆಟ್ಟಿಲು ಹತ್ತಿ ತನ್ನ ಕುರ್ಚಿ ಸೇರಿಕೊಂಡ. ಅಷ್ಟರಲ್ಲಿ ಫೋನಿನಲ್ಲಿ ನಿಲಯದ ಮುಖ್ಯಸ್ಥರು. “ಏನ್ರೀ ಅದು, ರೇಡಿಯೊ ನಿಲಯನೋ ಗ್ಯಾರೇಜೋ?” ಎಂದು ಶುರುಮಾಡಿದವರು, ನಾನು ಉಸಿರು ಬಿಡುವುದರೊಳಗೆ ದನಿ ತಗ್ಗಿಸಿ ಕೇಳಿದರು, “ಆಮೇಲೆ? ಒಳಗೇನಿದೆಯಂತೆ?”

ಹನ್ನೊಂದು ಹೊಡೆಯಿತು. ವಾರ್ತೆ ಓದುವ ಹುಡುಗಿ ಹಾಳೆ ಹಿಡಿದು ಒಳಗೆ ಬಂದವಳು, ಮೇಜಿನ ಮೇಲೆ ಮಲಗಿದ್ದ ಕಾಲನ್ನು ಕಂಡು ಕಿರುಚುವುದೊಂದು ಬಾಕಿ. ಆದರೂ ಗಟ್ಟಿಗಿತ್ತಿ, ಅದರ ಪಕ್ಕದಲ್ಲೇ ಕೂತು ಐದು ನಿಮಿಷದ ವಾರ್ತೆಯನ್ನು ಎಲ್ಲೂ ತಡವರಿಸದೆ ಓದಿದಳು. ಆ ಐದು ನಿಮಿಷ ಮಂಡಿಯಮ್ಮ ಉಸಿರು ಬಿಗಿಹಿಡಿದು ಒಂದೊಂದೇ ಸ್ಕ್ರೂ ತಿರುಗಿಸಿ ನನ್ನ ಅಂಗೈಗೆ ಹಾಕುತ್ತಿದ್ದರು. ಹವಾಮಾನ ವರದಿ ಮುಗಿಯುವ ಹೊತ್ತಿಗೆ ಕೊನೆಯ ಪಿನ್ನು ಕೈಗೆ ಬಂತು. ಕಿವಿಯಣ್ಣ ಗಾಜಿನಾಚೆಯಿಂದ ಹೆಬ್ಬೆರಳೆತ್ತಿ, ಹಾಡು ಹಾಕುವ ಬದಲು ಮತ್ತೆ ನಮ್ಮ ಮೈಕು ತೆರೆದ.

“ಸಿಕ್ಕಿತು! ನೋಡಿ ಇಲ್ಲಿ, ಸಿಕ್ಕಿಬಿಡ್ತು!” ಅರುವತ್ತೆಂಟರ ಹೆಂಗಸು ಕುಣಿಯುವುದೊಂದು ಬಾಕಿ.

ಪಿನ್ನಿನ ಸುತ್ತ ಬಳೆಯ ಹಾಗೆ ಕೂರುವ ಸಣ್ಣ ನೈಲಾನ್ ಬುಷ್ ಅದು. ದುಂಡಗಿರಬೇಕಾದದ್ದು ಒಂದೇ ಮಗ್ಗುಲಿಗೆ ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು.

“ದಿನಕ್ಕೆ ಎಷ್ಟು ಮೆಟ್ಟಿಲು ಇಳೀತೀರಿ?” ಎಂದು ಗಾಜಿನ ಕಡೆ ತಿರುಗಿ ಕೂಗಿದರು.

“ಲಿಫ್ಟು ಕೆಟ್ಟಿದೆ ಅಮ್ಮಾ. ನಾಲ್ಕು ಮಹಡಿ, ಎಂಬತ್ನಾಲ್ಕು ಮೆಟ್ಟಿಲು. ನೆಲಮಾಳಿಗೇಲಿ ಜನರೇಟರ್ ನೋಡೋನೂ ನಾನೇ, ದಿನಕ್ಕೆ ನಾಲ್ಕೈದು ಸಲ.”

“ನಾವು ಪರೀಕ್ಷೆ ಮಾಡಿದ್ದು ಎಲ್ಲಿ ಗೊತ್ತಾ? ನುಣ್ಣನೆ ನೆಲದ ಮೇಲೆ. ಮೂಲೇಲೊಂದು ಮೂರು ಮೆಟ್ಟಿಲಿನ ಕಟ್ಟೆ. ಹತ್ತಿದ್ರಾ, ಇಳಿದ್ರಾ, ಚಪ್ಪಾಳೆ! ಹೊಸದಾಗಿದ್ದಾಗಲೂ ಇಳಿಯೋವಾಗ ಕೂದಲೆಳೆಯಷ್ಟು ಅಲುಗಾಡಿರುತ್ತೆ. ಅಣ್ಣನಿಗೆ ಅದು ಎರಡೇ ದಿನದಲ್ಲಿ ತಿಳೀತು. ನನಗೆ ನಲವತ್ತು ವರ್ಷ ಹಿಡೀತು.”

ಅವರ ಮೊಬೈಲು ಗುರುಗುಟ್ಟಿತು. ಮಂಡಿ ತಯಾರಿಸುವ ಕಂಪನಿಯವರು. ನೋಡಿದರು, ಬೋರಲು ಹಾಕಿದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಕೇಳ್ತಿರೋರಲ್ಲಿ ಯಾರಾದರೂ ನನ್ನ ಮಂಡಿ ಹಾಕಿದ್ರೆ, ಈಗ ಹೇಳೋದನ್ನ ಗಮನ ಇಟ್ಟು ಕೇಳಿ. ಇಳಿಯೋವಾಗ ಟಿಕ್ ಅಂದ್ರೆ ಅದು ನಿಮ್ಮ ತಪ್ಪಲ್ಲ. ನಿಮ್ಮ ಹೆದರಿಕೆಯೂ ಅಲ್ಲ. ನನ್ನ ತಪ್ಪು. ಸರಿಮಾಡಿ ಕೊಡೋವರೆಗೆ ಕಂಬಿ ಹಿಡಿದೇ ಇಳೀರಿ. ಈಗಲೇ ಇಲ್ಲಿಗೆ ಫೋನ್ ಮಾಡಿ.”

ಆಮೇಲೆ ಫೋನು ಹೊಡೆದುಕೊಳ್ಳತೊಡಗಿದ್ದು ನಿಲ್ಲಲೇ ಇಲ್ಲ. ಒಬ್ಬ ಅಂಚೆಯವನು. ಒಬ್ಬಳು ಶಾಲೆಯ ಆಯಾ. ಬಣ್ಣ ಬಳಿಯುವವನೊಬ್ಬ ಫೋನನ್ನೇ ಮಂಡಿಯ ಹತ್ತಿರ ಹಿಡಿದು ತನ್ನ ಟಿಕ್ ಕೇಳಿಸಿದ. ವಾರ್ತೆಯ ಹುಡುಗಿ ಮನೆಗೆ ಹೋಗುವುದನ್ನೂ ಮರೆತು, ಹೆಸರು ವಿಳಾಸ ಬರೆದುಕೊಳ್ಳುತ್ತ ಕೂತಳು. ಮುಂದಿನ ಹಾಡಿನ ಕಾರ್ಯಕ್ರಮವನ್ನು ಮುಖ್ಯಸ್ಥರೇ ರದ್ದು ಮಾಡಿಸಿದರು. ನಡುವೆ ಒಂದು ಕರೆ ಬಂತು. “ನಾನು ಕಿವಿಯಣ್ಣನ ಹೆಂಡತಿ. ಅವರ ಕಾಲು ಬಿಚ್ಚಿ ಹರಡಿಕೊಂಡಿದ್ದೀರಲ್ಲ, ಇವತ್ತು ಮನೆಗೆ ವಾಪಸ್ ಕಳಿಸ್ತೀರೋ ಇಲ್ವೋ?” ಮಂಡಿಯಮ್ಮ ಬಿದ್ದು ಬಿದ್ದು ನಕ್ಕರು. ಗಾಜಿನಾಚೆ ಕಿವಿಯಣ್ಣ ನಾಚಿ ಕೆಂಪಾಗಿದ್ದ.

ಹನ್ನೆರಡೂವರೆಗೆ ಪಟ್ಟಿಯಲ್ಲಿ ನೂರಾ ಹದಿನೇಳು ಹೆಸರುಗಳಿದ್ದವು, ಕಿವಿಯಣ್ಣನ ಕಾಲು ಹಳೇ ಬುಷ್ಷಿನೊಂದಿಗೇ ಮತ್ತೆ ಜೋಡಣೆಯಾಗಿತ್ತು.

ಕಂಪನಿಯವರು ಮೊದಲು ಕೂಗಾಡಿದರು, ಆಮೇಲೆ ವಕೀಲರ ಕೈಲಿ ಕಾಗದ ಬರೆಸಿದರು. ಮಂಡಿಯಮ್ಮ ಆ ಕಾಗದವನ್ನೂ ಹೆಸರುಗಳ ಪಟ್ಟಿಯನ್ನೂ ಒಟ್ಟಿಗೆ ಅವರ ಮೇಜಿನ ಮೇಲಿಟ್ಟು, “ಯಾವುದನ್ನ ಮೊದಲು ಓದ್ತೀರಿ?” ಎಂದರಂತೆ. ಕೊನೆಗೆ ಕಂಪನಿಯವರು ಬಳಸುವವರೆಲ್ಲರಿಗೂ ಹೊಸ ಬುಷ್ಷನ್ನು ಉಚಿತವಾಗಿ ಕಳಿಸಲು ಒಪ್ಪಿದರು. ಅದನ್ನು ರೂಪಿಸಲು ಐದು ತಿಂಗಳು ಹಿಡಿಯಿತು. ಪರೀಕ್ಷೆ ನಡೆದದ್ದು ನಮ್ಮ ಕಟ್ಟಡದಲ್ಲೇ. ಲಿಫ್ಟು ರಿಪೇರಿಗೆ ಬಂದವರನ್ನು ಮಂಡಿಯಮ್ಮನೇ “ಸ್ವಲ್ಪ ದಿನ ತಡೀರಪ್ಪಾ” ಎಂದು ವಾಪಸ್ ಕಳಿಸಿದ್ದರು.

ಕೊನೆಯ ದಿನ ಕಿವಿಯಣ್ಣ ನಾಲ್ಕನೆಯ ಮಹಡಿಯಲ್ಲಿ ನಿಂತ. ನಾನು ರೆಕಾರ್ಡರ್ ಹಿಡಿದು ಅವನ ಹಿಂದೆ, ಮಂಡಿಯಮ್ಮ ಒಂದು ಮಹಡಿ ಕೆಳಗೆ ಕಿವಿಗೊಟ್ಟು. ಮೊದಲ ಹತ್ತು ಮೆಟ್ಟಿಲು ಕಂಬಿ ಹಿಡಿದೇ ಇಳಿದ, ಒಂದು ಟಿಕ್ ಕೂಡ ಇಲ್ಲ. ಆಮೇಲೆ ಕೈ ಬಿಟ್ಟ. ಆಮೇಲೆ ಎರಡೂ ಕೈ ಜೇಬಿಗೆ ಹಾಕಿಕೊಂಡ! “ನಿಧಾನ, ನಿಧಾನ!” ಎಂದು ಅವರು ಕೂಗುತ್ತಲೇ ಇದ್ದರು, ಇವನು ಅವರನ್ನು ದಾಟಿಕೊಂಡು ಹೋಗಿಯೇಬಿಟ್ಟ. ನಾವಿಬ್ಬರೂ ಏದುಸಿರು ಬಿಡುತ್ತ ಕೆಳಗೆ ಮುಟ್ಟಿದಾಗ, ಅವನು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ, ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ.

ಮಂಡಿಯಮ್ಮ ಸೊಂಟಕ್ಕೆ ಕೈಕೊಟ್ಟು ಸುಧಾರಿಸಿಕೊಂಡರು. ಆಮೇಲೆ ಕೇಳಿದರು:

“ಇದಕ್ಕಿಂತ ಕಡಿದಾದ ಮೆಟ್ಟಿಲು ಈ ಊರಲ್ಲಿ ಎಲ್ಲಿದೆ?”

“ನೀರಿನ ಟ್ಯಾಂಕಿನ ಹತ್ರ ಇದೆ ಅಮ್ಮಾ, ನೂರಾ ಮೂವತ್ತು.”

“ಮತ್ತೆ ನಿಂತಿದ್ದೀರೇನು? ಕಾರು ಹತ್ತಿ!”