ಥಂಡರ್ ಬಾಯ್ಸ್‌ನ ಗೌರಕ್ಕ

ಗೌರಕ್ಕನ ಎಡಗೈಯ ಬೆರಳುಗಳು ಬಿಚ್ಚುತ್ತಿರಲಿಲ್ಲ. ಸುನಿತಾ ಬಿಸಿನೀರಿನಲ್ಲಿ ಅರಿವೆ ಅದ್ದಿ ಅವುಗಳ ಮೇಲಿಟ್ಟು, ಒಂದೊಂದನ್ನೇ ಮೆಲ್ಲಗೆ ನೀವಿದಳು. ಅಂಗೈ ತೆರೆದರೆ ಲಿಂಗ ಇಡಬೇಕು. ಅಯ್ಯನವರು ಹೊಸ್ತಿಲ ಆಚೆ ಕಾಯುತ್ತಿದ್ದರು.

"ತಡಾ ಮಾಡಬ್ಯಾಡವ್ವ, ಬಿಸಲ ಏರತೈತಿ."

"ಬಿಚ್ಚವಲ್ಲವ್ರಿ, ಅಯ್ಯಾರ."

ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿ ಕೂತಿತ್ತು. ನಿನ್ನೆ ಸಂಜೆ ಗೌರಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಲಗೆಯ ಮೇಲೆಯೇ ವಾಲಿದ್ದಳು. ಹಿತ್ತಲಲ್ಲಿ ಅರಿವೆ ತೆಗೆಯುತ್ತಿದ್ದ ಸುನಿತಾಗೆ ಅವಳು ಬಿದ್ದದ್ದು ಕೇಳಿಸಿರಲಿಲ್ಲ. ಬಡಿಯುವ ಸದ್ದು ನಿಂತದ್ದು ಕೇಳಿಸಿತ್ತು. ಒಳಗೆ ಹೋಗಿ ನೋಡಿದಾಗ ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯಾಡುತ್ತಿತ್ತು.

ಗೌರಕ್ಕ ಸುನಿತಾಳ ಗಂಡ ಸಂಗನಬಸವನ ತಂಗಿ. ವಯಸ್ಸಿನಲ್ಲಿ ಸುನಿತಾಗಿಂತ ದೊಡ್ಡವಳು, ಹಾಗಾಗಿ ಹೆಸರಿಗೆ ಅಕ್ಕ ಸೇರಿಸಿಯೇ ಸುನಿತಾ ಕರೆದದ್ದು. ಅವಳು ಇವಳನ್ನು ವೈನಿ ಎನ್ನುತ್ತಿದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಮುದುಕಿಯರಾಗುವ ಹಾದಿಯಲ್ಲಿದ್ದರು. ಸುನಿತಾ ಅಣ್ಣಿಗೇರಿಗೆ ಕೊಟ್ಟ ಮಗಳು ಸೌಂದರ್ಯಾ ತುಂಬಿದ ಬಸುರಿ. ಸತ್ತ ಮನೆಗೆ ಬರುವಂತಿರಲಿಲ್ಲ. ಬಂದಿದ್ದರೆ ಅಳುವುದಕ್ಕೆ ಇನ್ನೊಬ್ಬಳಾದರೂ ಇರುತ್ತಿದ್ದಳು ಎಂದು ಸುನಿತಾಗೆ ಅನಿಸಿತು. ಪಡಸಾಲೆಯಲ್ಲಿ ಕೂತ ಹೆಂಗಸರು ಅಳುವುದನ್ನು ಬೆಳಗ್ಗೆಯೇ ಮುಗಿಸಿ, ಕುಸುಬಿ ಎಣ್ಣೆ ತುಟ್ಟಿಯಾದದ್ದನ್ನು ಮಾತಾಡುತ್ತಿದ್ದರು.

ಕೊನೆಗೆ ಬೆರಳು ಸಡಿಲಾದವು. ಲಿಂಗ ಅಂಗೈಗೆ ಬಂತು. ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ, ಕಾಲು ಮಡಿಚಿ ಕೂರಿಸಿದರು. ಮಠದ ಭಜನಿ ಮಂದಿ ಎದುರು ಚಾಪೆ ಹಾಸಿಕೊಂಡು ತಾಳ ಹೊರತೆಗೆದರು.

ಆಗ ಅಂಗಳದಲ್ಲಿ ಸ್ಕೂಟರೊಂದು ನಿಂತಿತು. ಇಳಿದ ಇಬ್ಬರಿಗೂ ತಲೆ ನೆರೆತಿತ್ತು. ಒಳಗೆ ಬರಲೋ ಬೇಡವೋ ಎಂದು ಬೇವಿನ ಗಿಡದ ಕೆಳಗೇ ನಿಂತರು.

"ಯಾರಪಾ ನೀವು?" ಕಟ್ಟೆಯ ಮೇಲಿದ್ದ ಶಂಕ್ರಪ್ಪ ಕಾಕಾ ಕೂಗಿದ. ಸಂಗನಬಸವನ ಚಿಕ್ಕಪ್ಪ ಅವನು. ಕಿವಿ ಮಂದ, ಬಾಯಿ ಜೋರು.

"ನಾ ಶಕೀಲ್ರಿ ಕಾಕಾ, ಮಹಬೂಬಸಾಬರ ಮಗಾ. ಇವಾ ಭೀಮೇಶ."

"ಲಗ್ನಕ್ಕ ಬ್ಯಾಂಡ ತರತಿದ್ನಲ್ಲ, ಆ ಮಹಬೂಬಸಾಬನೇನ? ಇಲ್ಲಿ ಲಗ್ನ ಎಲ್ಲೈತೋ ತಮ್ಮಾ!"

"ಗೌರಕ್ಕನ್ನ ನೋಡಾಕ ಬಂದೇವ್ರಿ. ಅಕಿ ನಮ್ಮ ಬ್ಯಾಂಡಿನಾಕಿ."

"ಗೌರಕ್ಕ? ಕಹಳಿ ಊದತಿದ್ಲೇನ?"

"ಲಗ್ನದ ಬ್ಯಾಂಡ ಅಲ್ರಿ," ಭೀಮೇಶ ಹೇಳಿದ. "ಇಂಗ್ಲಿಷ್ ರಾಕ್ ಬ್ಯಾಂಡು. ಥಂಡರ್ ಬಾಯ್ಸ್ ಅಂತ ಹೆಸರಿತ್ತು."

"ಬಾಯ್ಸ್?"

"ಹೌದ್ರಿ. ಮೂರ ಮಂದಿ ಬಾಯ್ಸ್, ಒಬ್ಬಾಕಿ ಗೌರಕ್ಕ."

ಪಡಸಾಲೆಯಲ್ಲಿ ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುನಿತಾ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹೊರಗೆ ಬಂದಳು. ಈ ಮನೆಗೆ ಬಂದಾಗಿನಿಂದ ಇಂಥ ಮಾತನ್ನು ಅವಳು ಒಂದೂ ಕೇಳಿರಲಿಲ್ಲ.

"ಅಕಿ ಏನ ಬಾರಸತಿದ್ಲ್ರಿ?"

"ಕಾಲಪೆಟಗಿರಿ ವೈನಿ," ಶಕೀಲ್ ಎಂದ. "ಕಾಲಿಲೆ ಗಾಳಿ ಹಾಕೂ ಹಾರ್ಮೋನಿಯಂ. ನಿಮ್ಮ ಮಾವನವರದ್ದು, ನಾಟಕಕ್ಕ ಬಾರಸೂದು. ನಿಮಗ ಗೊತ್ತಿಲ್ಲೇನ್ರಿ?"

ಸುನಿತಾಗೆ ಗೊತ್ತಿರಲಿಲ್ಲ. ಅವಳು ಮದುವೆಯಾಗಿ ಬಂದಾಗ ಪಡಸಾಲೆಯ ಮೂಲೆಯಲ್ಲಿ, ನೆಲದ ಗಾರೆಯ ಮೇಲೆ, ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಅದರ ಮೇಲೆ ಜೋಳದ ಚೀಲ ಇಟ್ಟಿದ್ದರು.

"ಹಾಡು ಹೆಂಗಿತ್ತು?"

"ಹಾಡಾವ ಕೃಷ್ಣಾ. ಹೋದ ವರ್ಷ ಅವನೂ ಹ್ವಾದ. ಗೌರಕ್ಕನ ಪಾಲಿಂದು ಹಿಂಗಿತ್ತು ನೋಡ್ರಿ."

ಶಕೀಲ್ ಪ್ಲಾಸ್ಟಿಕ್ ಕುರ್ಚಿಯ ತೋಳಿನ ಮೇಲೆ ಅಂಗೈಯಿಂದ ಬಡಿದ. ಒಂದು ಜೋರು. ಎರಡು ಹಗುರ. ನಡುವೆ ಒಂದು ಪೆಟ್ಟಿನಷ್ಟು ಸುಮ್ಮನೆ. ಆಮೇಲೆ ತಡವಾಗಿ ಬರುವ ಇನ್ನೊಂದು ಜೋರು, ಬರುತ್ತದೋ ಇಲ್ಲವೋ ಎನ್ನುವಷ್ಟು ತಡವಾಗಿ.

ತಂಬಿಗೆ ವಾಲಿ ಸುನಿತಾಳ ಕಾಲ ಮೇಲೆ ನೀರು ಚೆಲ್ಲಿತು.

"ಇನ್ನೊಮ್ಮೆ ಬಾರಸ್ರಿ," ಎಂದಳು.

* * *

ಮಹಬೂಬಸಾಬನ ಬ್ಯಾಂಡ್ ಅಂಗಡಿಯಲ್ಲಿ ಲಗ್ನದ ಸುಗ್ಗಿ ಮುಗಿದ ಮೇಲೆ ಕೆಲಸವಿರುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ಕೆಂಪು ಕೋಟುಗಳ ಕೆಳಗೆ ನಾಲ್ವರೂ ಸೇರುತ್ತಿದ್ದರು. ಶಕೀಲ್‌ಗೆ ಡ್ರಮ್ ಬಂದದ್ದು ಮದುಮಕ್ಕಳ ಮೆರವಣಿಗೆಯಿಂದ. ಕೂತು ಬಾರಿಸು ಎಂದರೆ ಅವನಿಗೆ ಕೈ ಓಡುತ್ತಿರಲಿಲ್ಲ, ಎದ್ದು ನಿಂತು ಒಂದು ಹೆಜ್ಜೆ ಮುಂದೆ ಇಡುತ್ತಿದ್ದ. ಭೀಮೇಶನ ಅಜ್ಜಿ ಬಸವಣ್ಣೆವ್ವ ಎಲ್ಲಮ್ಮನ ಪದ ಹೇಳುತ್ತ ಚೌಡಿಕೆ ಬಾರಿಸುತ್ತಿದ್ದಳು. ಚೌಡಿಕೆಗೆ ಒಂದೇ ತಂತಿ. ಭೀಮೇಶ ಗಿಟಾರಿನ ಆರು ತಂತಿಗಳಲ್ಲಿ ಒಂದನ್ನೇ ಹಿಡಿದುಕೊಂಡು ತಿಂಗಳುಗಟ್ಟಲೆ ಬಾರಿಸಿದ, ಉಳಿದ ಐದು ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಕೃಷ್ಣಾ ಗುರುಗಳ ಮನೆಯಲ್ಲಿ ತಂಬೂರಿ ಹಿಡಿದು ಖ್ಯಾಲ ಕಲಿಯುತ್ತಿದ್ದ ಹುಡುಗ. ಕದ್ದು ಬರುತ್ತಿದ್ದ. ಇಂಗ್ಲಿಷ್ ಮಾತು ತಿಳಿಯದಲ್ಲಿ ಆಲಾಪ ಹಾಕುತ್ತಿದ್ದ.

ಗೌರಕ್ಕ ಅಪ್ಪನ ಜೊತೆ ಮಠದ ಭಜನೆಗೆ ಪೆಟ್ಟಿಗೆ ಬಾರಿಸುತ್ತ ಬೆಳೆದವಳು. ಅಪ್ಪ ತೀರಿದ ಮೇಲೆ ಅವಳಿಗೆ ಕೆಳಗಿನ ಸುರಗಳೇ ಹಿಡಿಸಿದವು. ಮೇಲಿನವು ಮಂದಿಗೆ ಕೇಳಲಿಕ್ಕೆ, ಕೆಳಗಿನವು ನಿಲ್ಲಲಿಕ್ಕೆ ಎನ್ನುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಸುರ ಕೂಡಿಸಿ, ಅಂಗಡಿಯಲ್ಲಿ ಮರದ ಪೆಟ್ಟಿಗೆಯ ಮೇಲೆ ಅಂಗೈಯಿಂದ ಅದರ ಲಯ ಬಡಿದು ಅವರಿಗೆ ತೋರಿಸುತ್ತಿದ್ದಳು.

ಹಾಡುಗಳನ್ನು ಕಲಿತದ್ದು ಅಂಗಡಿಯ ಟೇಪ್ ರೆಕಾರ್ಡರಿನಿಂದ. ಅದರ ಬೆಲ್ಟ್ ಸಡಿಲಾಗಿತ್ತು. ಕ್ಯಾಸೆಟ್ಟು ಎಳೆದೆಳೆದು ನಿಧಾನವಾಗಿ ಓಡುತ್ತಿತ್ತು. ನಾಲ್ವರಿಗೂ ಅದು ತಿಳಿಯಲಿಲ್ಲ, ಯಾಕೆಂದರೆ ಆ ಹಾಡುಗಳನ್ನು ಅವರು ಬೇರೆಲ್ಲೂ ಕೇಳಿರಲಿಲ್ಲ.

"ಇಂಗ್ಲಿಷರೂ ವಿಲಂಬಿತ ಹಾಡತಾರ ನೋಡಲೇ!" ಎಂದು ಕೃಷ್ಣಾ ಖುಷಿಯಿಂದ ಕಣ್ಣು ಮುಚ್ಚಿದ್ದ.

ಹುಬ್ಬಳ್ಳಿಯ ಕಾಲೇಜೊಂದರ ಸಮಾರಂಭಕ್ಕೆ ಟ್ರ್ಯಾಕ್ಟರಿನಲ್ಲಿ ಕಾಲಪೆಟ್ಟಿಗೆ ಹೇರಿಕೊಂಡು ಹೋದರು. ಹಾಡು ಶುರುವಾದಾಗ ಸಭೆ ಮೊದಲು ಸುಮ್ಮನಾಯಿತು, ಆಮೇಲೆ ನಗತೊಡಗಿತು. ಹುಡುಗರು ಬೆಂಚು ಬಡಿದು ಹಾಡು ಓಡಿಸಿ, ಓಡಿಸಿ ಎಂದು ಕೂಗಿದರು. ಕೃಷ್ಣಾ ನಿಲ್ಲಿಸಿದ. ಶಕೀಲ್ ನಿಲ್ಲಿಸಿದ. ಭೀಮೇಶ ನಿಲ್ಲಿಸಿದ. ಗೌರಕ್ಕ ನಿಲ್ಲಿಸಲಿಲ್ಲ. ಒಬ್ಬಳೇ, ಕೆಳಗಿನ ಸುರದಲ್ಲಿ, ಹಾಡು ಮುಗಿಯುವ ತನಕ ಬಾರಿಸಿ ಎದ್ದಳು.

ಅವರ ನಂತರ ಬಂದ ತಂಡ ಅದೇ ಹಾಡನ್ನು ಕುದುರೆಯ ಹಾಗೆ ಓಡಿಸಿತು. ಪರದೆಯ ಹಿಂದೆ ನಿಂತು ಕೇಳಿದ ಗೌರಕ್ಕ, "ನಮ್ಮದ ಛಲೋ ಐತಿ," ಎಂದಳು.

ಆ ವಾರವೇ ಅಣ್ಣ ಕಾಲಪೆಟ್ಟಿಗೆಯನ್ನು ನವಲಗುಂದದ ಕಡೆಯ ನಾಟಕದವರಿಗೆ ಕೊಟ್ಟುಬಿಟ್ಟ. ಮುಂದೆ ಗೌರಕ್ಕನ ಲಗ್ನವಾಯಿತು, ತಂಬೂರ ಎಂಬ ಊರಿಗೆ. ಬಹಳ ದಿನ ಬಾಳಲಿಲ್ಲ. ಟ್ರಂಕು ಹಿಡಿದು ವಾಪಸು ಬಂದಳು. ಯಾಕೆಂದು ಅಣ್ಣ ಕೇಳಲಿಲ್ಲ, ಅವಳು ಹೇಳಲಿಲ್ಲ. ಬಂದ ದಿನವೇ ರೊಟ್ಟಿಯ ಹಲಗೆಯ ಮುಂದೆ ಕೂತಳು.

* * *

"ಏನ್ರಿ, ಇಲ್ಲೀಟು ಬರ್ರಿ."

ಸಂಗನಬಸವ ವಿಮಾನಕ್ಕೆ ಬಾಳೆಕಂಬ ಕಟ್ಟಿಸುತ್ತಿದ್ದ. ಶವ ಕೂರಿಸಿ ಒಯ್ಯುವ ಬಿದಿರಿನ ಪೀಠ ಅದು. ಸುನಿತಾ ಅವನನ್ನು ಹಿತ್ತಲ ಬಾಗಿಲಿಗೆ ಕರೆದಳು. ಮಂದಿ ಕೂಡಿದಾಗ ಅವಳು ಅವನನ್ನು ಹೀಗೆ ಕರೆದದ್ದು ಇದೇ ಮೊದಲು.

"ವಿಮಾನ ಏಳೂಕಿಂತ ಮೊದಲ ಅವರಿಬ್ರೂ ಒಂದ ಸಲ ಬಾರಸಲಿ."

"ಏನ ಬಾರಸೂದು?"

"ಗೌರಕ್ಕಂದು. ಅಕಿ ಹಾಡು."

"ಹುಚ್ಚ ಹಿಡದೈತೇನ ನಿನಗ? ಹೆಣದ ಮುಂದ ಇಂಗ್ಲಿಷ್ ಪದಾ? ಮಠದ ಭಜನಿ ಬಂದೈತಿ ಇಲ್ಲಿ."

"ಹಾಡೂದ ಬ್ಯಾಡ್ರಿ. ಬರೇ ಪೆಟ್ಟು. ಭಜನಿ ನಿಂತಾಗ, ಒಂದೀಟ."

"ಊರ ಮಂದಿ ನಗತಾರ."

"ನಗಲಿ."

ಅವನು ಅವಳನ್ನು ನೋಡಿದ. ಸಿಟ್ಟು ಬರುತ್ತದೆ ಎಂದು ಸುನಿತಾ ಕಾದಳು. ಬರಲಿಲ್ಲ. ಕೈಯಲ್ಲಿದ್ದ ಸುತಳಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಒಮ್ಮೆ ನಕ್ಕಾರ. ಹುಬ್ಬಳ್ಳ್ಯಾಗ ನಾ ಹಿಂದಿನ ಸಾಲಿನ್ಯಾಗ ನಿಂತಿದ್ನಿ. ಅಕಿಗೆ ಗೊತ್ತಿಲ್ಲ ಅದು. ಅಷ್ಟೂ ಮಂದಿ ನನ್ನ ತಂಗೀನ್ನ ನೋಡಿ ನಕ್ಕರು. ಹೋಗೂ ಹೊತ್ತಿನ್ಯಾಗ ಮತ್ತ ನಗಸಬ್ಯಾಡ. ಸಾಕು."

ಅವನು ಹೊರಟುಹೋದ. ಅಕಿ ನಿಲ್ಲಸಲಿಲ್ಲಂತ್ರಿ ಎಂದು ಹೇಳಬೇಕೆಂದು ಸುನಿತಾ ಬಾಯಿ ತೆರೆದಳು. ಹೊರಗೆ ಹಲಗಿ ವಾದ್ಯ ಶುರುವಾಗಿತ್ತು.

ಬೇವಿನ ಗಿಡದ ಕೆಳಗೆ ಶಕೀಲ್ ಅವಳ ಮುಖ ನೋಡಿಯೇ ತಿಳಿದುಕೊಂಡ.

"ಬ್ಯಾಡಂದ್ರೇನ್ರಿ ವೈನಿ? ಇರಲಿ ಬಿಡ್ರಿ. ಹೊಲದತನಾ ಬರಬಹುದಲ್ಲ?"

"ಬರ್ರಿ. ಮುಂದ ಬರ್ರಿ, ಹಿಂದ ನಿಂದರಬ್ಯಾಡ್ರಿ."

ಆದರೂ ಅವರು ಹಿಂದೆಯೇ ನಡೆದರು. ಗೌರಕ್ಕ ಎಲ್ಲರಿಗಿಂತ ಎತ್ತರದಲ್ಲಿ ಕೂತು, ಭಜನೆಯ ತಾಳಕ್ಕೆ ತಲೆ ಅಲ್ಲಾಡಿಸುತ್ತ, ಓಣಿ ದಾಟಿ ಹೋದಳು. ಭಜನೆ ಜೋರಾಗಿತ್ತು, ಚೆನ್ನಾಗಿತ್ತು. ಹೊಲದಲ್ಲಿ ಕುಣಿಯೊಳಗೆ ಕೂರಿಸಿ ಪತ್ರಿ, ವಿಭೂತಿ, ಉಪ್ಪು ಹಾಕಿದರು. ಭೀಮೇಶ ಹಿಡಿ ಮಣ್ಣು ಹಾಕಿ, ಅಂಗೈಗೆ ಅಂಟಿದ್ದನ್ನು ಒರೆಸಿಕೊಳ್ಳದೆ ನಿಂತ. ಶಕೀಲನ ಬೆರಳುಗಳು ತೊಡೆಯ ಮೇಲೆ ಸಣ್ಣಗೆ ಅಲುಗುತ್ತಿದ್ದವು. ಸುನಿತಾ ಅದನ್ನೇ ನೋಡುತ್ತ ನಿಂತಳು. ಭಜನೆಯ ಗದ್ದಲದಲ್ಲಿ ಸದ್ದು ಬರುವಂತಿರಲಿಲ್ಲ. ಆದರೆ ಎಲ್ಲಿ ಜೋರು, ಎಲ್ಲಿ ಹಗುರ, ಎಲ್ಲಿ ಸುಮ್ಮನೆ ಎನ್ನುವುದು ಅವಳಿಗೆ ತಪ್ಪಲಿಲ್ಲ.

* * *

"ಎಷ್ಟೊತ್ತ ರೊಟ್ಟಿ ಬಡೀತೀರಿ ಗೌರಕ್ಕ? ನನ್ನವು ಎರಡಾಗೂದರಾಗ ನಿಮ್ಮದು ಒಂದ ಆಗತೈತಿ."

ಈ ಮನೆಗೆ ಹೊಸದಾಗಿ ಬಂದಾಗ ಸುನಿತಾ ಕೇಳಿದ್ದಳು.

"ಇದು ಇಷ್ಟ ಓಡೂದ ವೈನಿ."

"ಅವ್ರು ಹೊರಗ ಹಸಗೊಂಡ ಕುಂತಾರ."

"ಬರಲಿ. ಸದ್ದ ಕೇಳಿದ ಮ್ಯಾಲ ಬಂದ ಕುಂದರತಾನ."

ಹಾಗೇ ಆಗುತ್ತಿತ್ತು. ಆ ಸದ್ದು ಕೇಳಿದ ಮೇಲೆ ಸಂಗನಬಸವ ಅಂಗಳದಲ್ಲಿ ಕೈ ತೊಳೆದು, ಒಮ್ಮೆ ಕೆಮ್ಮಿ, ಮಣೆ ಎಳೆದುಕೊಂಡು ಒಲೆಯ ಮುಂದೆ ತಾಟು ಹಿಡಿಯುತ್ತಿದ್ದ. ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಗೌರಕ್ಕ ಹಂಚಿನಿಂದ ರೊಟ್ಟಿ ತೆಗೆದು ನೇರ ತಾಟಿಗೆ ಹಾಕುತ್ತಿದ್ದಳು. ಅಣ್ಣ ತಂಗಿಯರ ನಡುವೆ ಉಳಿದಿದ್ದ ಮಾತು ಅಷ್ಟೇ. ಬರಬರುತ್ತ ಸುನಿತಾಗೂ ಅದು ಗಡಿಯಾರದ ಸದ್ದಿನ ಹಾಗೆ ಆಯಿತು. ಅದೇನೆಂದು ಅವಳು ಕೇಳಲಿಲ್ಲ.

* * *

ಹೊತ್ತು ಮುಳುಗುವ ಹೊತ್ತಿಗೆ ಎಲ್ಲರೂ ಜಳಕ ಮಾಡಿ ಅವರವರ ಮನೆಗೆ ಹೋದರು. ಬಾಜು ಮನೆಯವರು ಅನ್ನ, ಸಾರು ತಂದಿಟ್ಟು ಹೋದರು. ಮಣ್ಣು ಮಾಡಿ ಬಂದ ದಿನ ಈ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಸಂಗನಬಸವ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಎರಡು ಸಲ ಕರೆದರೂ ಊಟಕ್ಕೆ ಏಳಲಿಲ್ಲ.

ಸುನಿತಾ ಅಡುಗೆಮನೆಗೆ ಹೋದಳು. ಹಲಗೆಯನ್ನು ಯಾರೋ ಗೋಡೆಗೆ ಆನಿಸಿ ಇಟ್ಟಿದ್ದರು. ನಿನ್ನೆಯ ಹಿಟ್ಟು ಅದರ ಮೇಲೆ ಬಿರುಕುಬಿಟ್ಟು ಒಣಗಿತ್ತು. ನಡುವೆ ಒಂದು ಕಡೆ ಅರ್ಧ ಅಂಗೈ ಮೂಡಿತ್ತು. ಅವಳು ಒದ್ದೆ ಅರಿವೆಯಿಂದ ಒರೆಸಿದಳು. ಒರೆಸಿದ ಮೇಲೆ ಎತ್ತಿಡಬೇಕಿತ್ತು. ಬದಲಿಗೆ ನೆಲದ ಮೇಲಿಟ್ಟು, ಅದರ ಮುಂದೆ ಕಾಲು ಮಡಿಚಿ ಕೂತಳು.

ಒಂದು ಜೋರು. ಎರಡು ಹಗುರ. ಕೈ ತನ್ನ ರೂಢಿಯಂತೆ ಪಟಪಟ ಓಡಿತು. ನಿಲ್ಲಿಸಿದಳು. ಮತ್ತೆ ಶುರುಮಾಡಿದಳು, ಮತ್ತೆ ಓಡಿತು. ಮೂರನೆಯ ಸಲ ಅಂಗೈಯನ್ನು ಗಾಳಿಯಲ್ಲೇ ಹಿಡಿದು, ಆ ತಡವಾದ ಪೆಟ್ಟಿಗಾಗಿ ಕಾದಳು. ಬಂತು. ಬರಿ ಹಲಗೆಯ ಸದ್ದು ಒಣಕಲಾಗಿತ್ತು, ಆದರೆ ಅದೇ ಆಗಿತ್ತು. ಅವಳು ಬಡಿಯುತ್ತ ಹೋದಳು.

ಹೊರಗೆ ನಲ್ಲಿಯ ನೀರು ಬಿದ್ದದ್ದು ಕೇಳಿಸಿತು. ಒಂದು ಕೆಮ್ಮು. ನಂತರ ಮಣೆ ನೆಲವನ್ನು ಕೆರೆಯಿತು.

ಸಂಗನಬಸವ ಒಲೆಯ ಮುಂದೆ ಕೂತು ತಾಟು ಚಾಚಿದ್ದ. ತಣ್ಣಗಿನ ಹಂಚು ನೋಡಿದ. ಹಿಟ್ಟಿಲ್ಲದ ಹಲಗೆ ನೋಡಿದ. ಸುನಿತಾಳ ಕೈ ನೋಡಿದ.

ಅವಳು ನಿಲ್ಲಿಸಲಿಲ್ಲ. ಅವನು ತಾಟನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.