ನಗಾರಿಯವನ ಗಡಿಯಾರ

ಜಾವಾ ದ್ವೀಪದ ಜೆಪಾರಾ ಊರಿನ ಆ ಓಣಿಯ ಅರ್ಧ ಮನೆಗಳಿಗೆ ಬಾಗಿಲು ಕೂರಿಸಿದವನು ಮಸ್ರುಕಾನ್. ತೇಗದ ಹಲಗೆಯಲ್ಲಿ ಬಳ್ಳಿ ಬಿಡಿಸಿ, ಬಳ್ಳಿಯಲ್ಲಿ ಹೂ ಅರಳಿಸಿ, ಹೂವಿನೊಳಗೆ ಎಳೆ ಎಳೆಯಾಗಿ ಕೇಸರ ಕೆತ್ತುವ ಕೈ. ಅಂಥ ಕೈಗೆ ಇವತ್ತು ಮಧ್ಯಾಹ್ನದಿಂದ ಒಂದು ವಾಚಿನ ಬೆನ್ನಿನ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ.

ಉಳಿ ಮತ್ತೊಮ್ಮೆ ಜಾರಿತು. ಮುಚ್ಚಳದ ಮೇಲೊಂದು ಗೀರು, ಹೆಬ್ಬೆರಳಿನ ಮೇಲೊಂದು ಗೀರು.

"ಥೂ, ನಿನ್ನ ವಂಶ..." ಎಂದು ಶುರು ಮಾಡಿದವನು ಅಲ್ಲಿಗೇ ಬಾಯಿ ಮುಚ್ಚಿಕೊಂಡ. ರಂಜಾನಿನ ಹತ್ತೊಂಬತ್ತನೆಯ ದಿನ. ಹೊಟ್ಟೆಗೆ ಮಾತ್ರವಲ್ಲ, ನಾಲಿಗೆಗೂ ಉಪವಾಸ.

"ಪಾಕ್ನೆ, ಬೈಬೇಡಿ. ಪುಣ್ಯ ಹೋಗುತ್ತೆ," ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗೆಣಸು ಹೆಚ್ಚುತ್ತಿದ್ದ ಹೆಂಡತಿ ಜುಮ್ರೋ ತಲೆ ಎತ್ತದೆ ಹೇಳಿದಳು. ಮೊದಲ ಮಗ ಹುಟ್ಟಿದಂದಿನಿಂದ ಅವಳಿಗೆ ಅವನು ಪಾಕ್ನೆ, ಅಂದರೆ ಮಗುವಿನ ಅಪ್ಪ; ಅವನಿಗೆ ಅವಳು ಬುನೆ, ಮಗುವಿನ ಅಮ್ಮ.

"ಎಲ್ಲಿ ಬೈದೆ?"

"ಅರ್ಧ ಬೈದ್ರಿ. ಅರ್ಧ ಪುಣ್ಯ ಹೋಯ್ತು ಅಂತಿಟ್ಕೊಳ್ಳಿ."

ಮಸ್ರುಕಾನನ ಮೈ ಉರಿಯಿತು. ಆದರೆ ಉರಿಯುವಂತೆಯೂ ಇರಲಿಲ್ಲವಲ್ಲ! ಉಪವಾಸದಲ್ಲಿ ಸಿಟ್ಟು ಮಾಡಬಾರದು ಎಂದು ಹೇಳಿದವರು ಯಾರೂ ಬರಿಗಂಟಲಲ್ಲಿ ವಾಚಿಗೆ ಸೆಲ್ಲು ಹಾಕಲು ಕೂತಿರಲಿಕ್ಕಿಲ್ಲ.

ವಾಚು ಹಾಳಾದರೆ ಹಾಳಾಗಲಿ ಎಂದು ಬಿಡುವ ಹಾಗಿರಲಿಲ್ಲ. ಇಪ್ಪತ್ತಮೂರು ವರ್ಷದಿಂದ ಓಣಿಯ ಸಣ್ಣ ಮಸೀದಿಯಲ್ಲಿ ಸಂಜೆಯ ನಗಾರಿ ಬಾರಿಸುವವನು ಅವನೇ. ಈ ವಾಚು ನೋಡಿಯೇ ಬಾರಿಸುವುದು. ಓಣಿಯ ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲಿದೆ, ಅದರಲ್ಲಿ ಸೆಕೆಂಡಿನ ಲೆಕ್ಕವಿದೆ, ನಿಜ. ಆದರೂ ಮಸ್ರುಕಾನನ ನಗಾರಿ ಬೀಳದೆ ಅಲ್ಲಿ ಯಾರೂ ಲೋಟ ತುಟಿಗೆ ಮುಟ್ಟಿಸಿದವರಲ್ಲ. ಅಂಥಾದ್ದರಲ್ಲಿ ನಿನ್ನೆ ಸಂಜೆ ಈ ಪಾಪಿ ವಾಚು ಯಾರಿಗೂ ಹೇಳದೆ ನಿಧಾನವಾಯಿತು. ಅವನು ನಾಲ್ಕು ನಿಮಿಷ ತಡವಾಗಿ ಬಾರಿಸಿದ. ನಾಲ್ಕು ನಿಮಿಷ ಓಣಿಗೆ ಓಣಿಯೇ ಚಹಾ ಲೋಟ ಹಿಡಿದು ಕೂತಿತ್ತು. ಪಕ್ಕದೂರಿನವರು ಉಪವಾಸ ಬಿಟ್ಟು, ಖರ್ಜೂರದ ಬೀಜ ಉಗಿದಾಗಿತ್ತು.

ರಾತ್ರಿಯ ನಮಾಜು ಮುಗಿದ ಮೇಲೆ ಮಸೀದಿಯ ಕಾರ್ಯದರ್ಶಿ ಸುಲ್ಹಾದಿ ಎಲ್ಲರ ಮುಂದೆ ಎದ್ದು ನಿಂತ. ಶಾಲಾ ಮೇಷ್ಟ್ರು, ಮಾತು ಮೆತ್ತಗೆ. ಮೆತ್ತಗಿನ ಮಾತೇ ಹೆಚ್ಚು ಚುಚ್ಚುವುದು. ಮರ್ಯಾದೆಯಿಂದ 'ಪಾಕ್' ಎಂದೇ ಶುರು ಮಾಡಿದ.

"ಪಾಕ್ ಮಸ್ರುಕಾನ್, ನಿಮ್ಮ ಮೇಲೆ ನಮಗೆ ಗೌರವ ಇದೆ. ಆದ್ರೆ ಹೋದ ವರ್ಷ ತಂದ ಕರೆಂಟಿನ ಗಡಿಯಾರದ ಪೆಟ್ಟಿಗೆ ಇನ್ನೂ ಬಿಚ್ಚದೇ ಬಿದ್ದಿದೆ. ಗೋಡೆಗೆ ಹಾಕಿದ್ರೆ ಅದೇ ಹೊತ್ತಿಗೆ ಸರಿಯಾಗಿ ಕೂಗುತ್ತೆ. ನಾಳೆ ಸಂಜೆ ನಿಮ್ಮ ವಾಚು ಸರಿ ಇದ್ರೆ ಸರಿ. ಇಲ್ದಿದ್ರೆ ಪೆಟ್ಟಿಗೆ ಹಾಕಿಬಿಡೋಣ. ಅದಕ್ಕೆ ವಯಸ್ಸಾಗಲ್ಲ ನೋಡಿ."

ನಾಲ್ಕಾರು ಜನ ನಕ್ಕರು. ಮಸ್ರುಕಾನ್ ನಸುಕಿನ ಊಟವನ್ನು ಅರ್ಧಕ್ಕೇ ಬಿಟ್ಟ.

ಬೆಳಿಗ್ಗೆ ಎದ್ದು ಸಂತೆಬೀದಿಗೆ ಹೋದರೆ ವಾಚಿನ ಅಂಗಡಿಯವನು ಹಬ್ಬಕ್ಕೆಂದು ಹನ್ನೊಂದು ದಿನ ಮೊದಲೇ ಅತ್ತೆ ಮನೆಗೆ ಹೊರಟುಹೋಗಿದ್ದ. ಪಕ್ಕದ ಪೆನ್ನು ಪುಸ್ತಕದ ಅಂಗಡಿಯ ಹೆಂಗಸು ಗುಂಡಿಯಂಥ ಸೆಲ್ಲುಗಳನ್ನು ಅಂಟಿಸಿದ್ದ ಒಂದು ರಟ್ಟು ಕೊಟ್ಟು, "ಎಲ್ಲಾ ಅಳತೇನೂ ಇದೆ ಪಾಕ್, ಯಾವುದು ಕೂರುತ್ತೋ ಅದನ್ನ ಹಾಕ್ಕೊಳ್ಳಿ. ಮನೇಲೇ ಮಾಡ್ಬಹುದು, ಎರಡು ನಿಮಿಷದ ಕೆಲಸ," ಎಂದಿದ್ದಳು.

ಎರಡು ನಿಮಿಷ! ಅವಳನ್ನು ಕರೆತಂದು ಇಲ್ಲಿ ಕೂರಿಸಬೇಕಿತ್ತು.

ಹೂವಿನ ಕೇಸರ ಕೆತ್ತುವ ಅತಿ ಸಣ್ಣ ಉಳಿ ಬಿಟ್ಟು, ಅದಕ್ಕಿಂತ ಮೊಂಡಾದುದನ್ನು ತೆಗೆದುಕೊಂಡು, ಮುಚ್ಚಳದ ಅಂಚಿನಲ್ಲಿದ್ದ ಸಣ್ಣ ಕಚ್ಚಿಗೆ ಇಟ್ಟು, ಉಸಿರು ಬಿಗಿಹಿಡಿದು ತಿರುಚಿದ. ಟಪ್ ಎಂದಿತು. ಮುಚ್ಚಳ ಹಾರಿ ಬೀರುವಿನ ಕೆಳಗೆ ಹೋಗಿ ಬಿತ್ತು. ಗಿರಾಕಿಯೊಬ್ಬನಿಗೆಂದು ಮಾಡಿಟ್ಟ ಮೂರು ಬಾಗಿಲಿನ ಬೀರು, ನಾಲ್ವರು ಸೇರಿದರೂ ಅಲುಗದ್ದು. ಮಸ್ರುಕಾನ್ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಅಡಿಕೋಲು ತೂರಿಸಿ, ಮರದ ಹೊಟ್ಟು, ಜೇಡರಬಲೆ, ಕಳೆದ ವರ್ಷ ಕಳೆದಿದ್ದ ಪೆನ್ಸಿಲು ಎಲ್ಲವನ್ನೂ ಎಳೆದ ಮೇಲೆ ಕೊನೆಗೆ ಮುಚ್ಚಳ ಬಂತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಜುಮ್ರೋ ಗೆಣಸಿನ ಸಿಪ್ಪೆಗೆ ಹೇಳಿದಳು.

"ನಾನು ಏನೂ ಅಂದಿಲ್ಲವಲ್ಲ ಬುನೆ!"

"ಬೀರು ಕಡೆ ಹಾಗೆ ದುರುಗುಟ್ಟಿಕೊಂಡು ನೋಡಿದ್ರಲ್ಲ, ಅದಕ್ಕಂದೆ."

ಒಳಗೆ ನೋಡಿದರೆ ಸೆಲ್ಲಿನ ಮೇಲೆ ಒಂದು ತಗಡಿನ ಪಟ್ಟಿ, ಪಟ್ಟಿಯನ್ನು ಹಿಡಿದು ಒಂದೇ ಒಂದು ಸ್ಕ್ರೂ. ಸಾಸಿವೆಯಷ್ಟೂ ಇಲ್ಲ. ಕನ್ನಡಕ ಹಾಕಿದರೆ ಮಸುಕು, ತೆಗೆದರೆ ಇನ್ನೂ ಮಸುಕು. ಅದಕ್ಕೆ ಕೂರುವಷ್ಟು ಸಣ್ಣ ಸ್ಕ್ರೂಡ್ರೈವರ್ ಮನೆಯಲ್ಲಿರಲಿಲ್ಲ. ಹೊಲಿಗೆ ಸೂಜಿಯ ತುದಿಯನ್ನು ಸಾಣೆಗೆ ತಿಕ್ಕಿ ಚಪ್ಪಟೆ ಮಾಡಿಕೊಂಡ. ಸ್ಕ್ರೂ ತಿರುಗಿತು, ಸೂಜಿಯ ಮೊನೆಗೆ ಅಂಟಿಕೊಂಡು ಮೇಲೆ ಬಂತು. ಈಗ ಇದನ್ನು ಇಡುವುದೆಲ್ಲಿ? ನೆಲದ ತುಂಬ ಮರದ ಹೊಟ್ಟು. ಬಿದ್ದರೆ ಕಥೆ ಮುಗಿಯಿತು.

ನಲವತ್ತೈದು ವರ್ಷ ಕೆಲಸ ಮಾಡಿದ ಬಡಗಿ ಮೊಳೆಯನ್ನು ಎಲ್ಲಿಡುತ್ತಾನೋ ಮಸ್ರುಕಾನನೂ ಅಲ್ಲಿಯೇ ಇಟ್ಟ. ತುಟಿಗಳ ನಡುವೆ.

ರಂಜಾನಿನಲ್ಲಿ ಅವನು ಹಾಗೆ ಮಾಡುವವನಲ್ಲ. ತಿಂಗಳಿಡೀ ಮೊಳೆಗಳನ್ನು ತೆಂಗಿನ ಚಿಪ್ಪಿನಲ್ಲಿಟ್ಟುಕೊಂಡೇ ಕೆಲಸ. ಆದರೆ ಇವತ್ತು ತಲೆ ಕೆಟ್ಟಿತ್ತು, ಕೈ ತನ್ನ ಪಾಡಿಗೆ ತಾನು ಮಾಡಿತು. ಅವನು ರಟ್ಟಿನ ಸೆಲ್ಲುಗಳನ್ನು ಒಂದೊಂದಾಗಿ ಅಳೆಯತೊಡಗಿದ. ಮೊದಲನೆಯದು ದಪ್ಪ. ಎರಡನೆಯದು ತೆಳು, ಗುಳಿಯೊಳಗೆ ಕುಲುಕಾಡಿತು. ಮೂರನೆಯದು ಅಗಲ. ನಾಲ್ಕನೆಯದು ಸರಿಯಾಗಿ ಕೂತಿತು. ಸೆಕೆಂಡಿನ ಮುಳ್ಳು ನಡುಗಿ, ಒಂದು ಹೆಜ್ಜೆ ಇಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಅಸ್ಸಲಾಮು ಅಲೈಕುಮ್! ಆಯ್ತಾ ಪಾಕ್, ವಾಚು?"

ಸುಲ್ಹಾದಿ. ಕಂಕುಳಲ್ಲಿ ಆ ಪೆಟ್ಟಿಗೆ, ರಟ್ಟಿನ ಹೊದಿಕೆಯ ಸಮೇತ. ಮಸೀದಿಗೆ ಒಯ್ಯುವ ದಾರಿಯಲ್ಲಿ ಇಣುಕಿದ್ದ.

ಸಲಾಮಿಗೆ ಉತ್ತರ ಕೊಡಬೇಕು. ಕೊಡಲು ಬಾಯಿ ತೆರೆಯಬೇಕು. ತೆರೆದರೆ ಸ್ಕ್ರೂ ಕಾಣುತ್ತದೆ. ಉಪವಾಸದ ದಿನ, ಸಂಜೆ ನಾಲ್ಕಕ್ಕೆ, ನಗಾರಿಯವನ ಬಾಯಲ್ಲಿ ಏನೋ ಇದೆ! ಬಾಯಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಉಪವಾಸ ಮುರಿಯುವುದಿಲ್ಲ ಎಂದು ಅವನಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಅಂಗೈಗೆ ಉಗಿದು ಒಂದು ನಗೆ ನಕ್ಕಿದ್ದರೆ ಆಗುತ್ತಿತ್ತು. ಆದರೆ ಇವನ ಮುಂದೆ ಉಗಿಯುವುದೇ? ನಿನ್ನೆ ನಗಿಸಿದ್ದು ಸಾಲದೆ ಇವತ್ತು ಅಂಗೈಯಲ್ಲಿ ಜೊಲ್ಲು ತೋರಿಸುವುದೇ? ಬಾಯಲ್ಲಿ ಬಿಸಿ ತುಪ್ಪ ಅಂತಾರಲ್ಲ, ಅದಾದರೂ ತುಪ್ಪ.

ಅವನು ನುಂಗಿದ.

"ವಅಲೈಕುಮುಸ್ಸಲಾಮ್, ಪಾಕ್ ಗುರು. ಆಗ್ತಾ ಇದೆ. ಸಂಜೆಗೆ ಬರ್ತೀನಿ," ಎಂದ.

"ಒಳ್ಳೇದು, ಒಳ್ಳೇದು. ನಾನು ಇದನ್ನ ಸುಮ್ಮನೆ ಒಯ್ದಿಟ್ಟಿರ್ತೀನಿ, ಕೈಗೆ ಸಿಗೋ ಹಾಗೆ." ಸುಲ್ಹಾದಿ ಹೊರಟ.

ಮಸ್ರುಕಾನ್ ಕೂತೇ ಇದ್ದ. ಗಂಟಲಲ್ಲಿ ಏನೂ ಚುಚ್ಚಲಿಲ್ಲ, ಅಷ್ಟು ಸಣ್ಣದು. ಮರೆತು ನುಂಗಿದರೆ ಉಪವಾಸಕ್ಕೆ ಧಕ್ಕೆಯಿಲ್ಲ. ಆದರೆ ಅವನು ಮರೆತಿರಲಿಲ್ಲ. ಕೂದಲೆಳೆಯಷ್ಟು ಹೊತ್ತು ಯೋಚಿಸಿಯೇ ನುಂಗಿದ್ದ. ಬೆಳಗಿನಿಂದ ನಾಲಿಗೆ ಮರದ ಹಲಗೆಯಾಗುವವರೆಗೆ ತಡೆದದ್ದೆಲ್ಲ ಹೋಯಿತು. ಏಳು ವರ್ಷದವನಿದ್ದಾಗ ಶುರುಮಾಡಿದವನು, ಜ್ವರ ಬಂದಾಗಲೂ ಒಂದನ್ನೂ ಬಿಟ್ಟಿರಲಿಲ್ಲ. ಮುರಿಯುವುದೇ ಹಣೆಬರಹವಾಗಿದ್ದರೆ ಒಂದು ಲೋಟ ಸಿಹಿ ಚಹಾದಿಂದ ಮುರಿಯಬಾರದಿತ್ತೇ? ತೆಂಗಿನ ಹಾಲಲ್ಲಿ ಗೆಣಸು ಬೇಯಿಸಿದ ಒಂದು ಬಟ್ಟಲು ಸಿಹಿ ಕೋಲಕ್‌ನಿಂದ? ಕಬ್ಬಿಣದ ಸ್ಕ್ರೂನಿಂದ ಮುರಿಯಬೇಕೇ? ಮುರಿದ ಮೇಲೆ ನೀರಾದರೂ ಕುಡಿಯೋಣವೆಂದರೆ ಅದೂ ಇಲ್ಲ. ತಿಳಿದು ಮುರಿದವನು ಸಂಜೆಯವರೆಗೆ ಬಾಯಿ ಕಟ್ಟಿಕೊಂಡೇ ಇರಬೇಕು. ಪುಣ್ಯವೂ ಇಲ್ಲ, ನೀರೂ ಇಲ್ಲ.

ಇಷ್ಟು ಸಾಲದೆಂಬಂತೆ ಸೆಕೆಂಡಿನ ಮುಳ್ಳು ನಿಂತಿತು. ಹಿಡಿಯಲು ಸ್ಕ್ರೂ ಇಲ್ಲದ ಪಟ್ಟಿ ಮೇಲೆದ್ದಿತ್ತು. ಬೆರಳಲ್ಲಿ ಒತ್ತಿದರೆ ಮುಳ್ಳು ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಅವನಿಗೆ ಅಳು ಬಂದಂತಾಯಿತು. ಎದ್ದು ವಾಚನ್ನು ಗೋಡೆಗೆ ಬೀಸಿ ಒಗೆಯೋಣವೆನಿಸಿ ಕೈ ಎತ್ತಿದ.

"ಸಿಟ್ಟಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ಪಾಕ್ನೆ," ಎಂದಳು ಜುಮ್ರೋ. ಹೆಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಸ್ಕ್ರೂ ಕಳೆದುಹೋಯ್ತು," ಎಂದ ಅವನು, ಮುಖ ತಿರುಗಿಸಿ.

"ಹೌದಾ? ಎಲ್ಲಿಗೆ ಹೋಯ್ತಂತೆ?"

ಅವಳು ಒಲೆಯ ಕಡೆ ತಿರುಗಿ ತೆಂಗಿನ ಹಾಲು ಕಲಕತೊಡಗಿದಳು.

ಮಸ್ರುಕಾನ್ ಮತ್ತೆ ಕೂತ. ಮೂಲೆಯಿಂದ ಹಳೆಯ ತೇಗದ ಚೂರೊಂದನ್ನು ಎತ್ತಿಕೊಂಡ. ಮಧ್ಯಾಹ್ನದಿಂದ ತನ್ನದಲ್ಲದ ಕೆಲಸ ಮಾಡುತ್ತಿದ್ದ ಕೈಗೆ ಈಗ ತನ್ನ ಕೆಲಸ ಸಿಕ್ಕಿತು. ಎಳೆಯಷ್ಟು ತೆಳುವಾಗಿ ಸೀಳಿ, ಉಳಿಯ ಮೊನೆಯಲ್ಲಿ ಕೆರೆದು ಕೆರೆದು, ಸೂಜಿಯ ತುದಿಯಂಥ ಒಂದು ಗೂಟ ಮಾಡಿದ. ಸ್ಕ್ರೂ ಇದ್ದ ತೂತಿಗೆ ಅದನ್ನಿಟ್ಟು ಒತ್ತಿ, ತಲೆ ಕತ್ತರಿಸಿದ. ಪಟ್ಟಿ ಕೂತಿತು. ಮುಳ್ಳು ಓಡಿತು. ಮುಚ್ಚಳ ಮಾತ್ರ ಹೆಬ್ಬೆರಳಿಗೆ ಜಗ್ಗಲಿಲ್ಲ. ಈ ಕಡೆ ಒತ್ತಿದರೆ ಆ ಕಡೆ ಏಳುತ್ತದೆ. ಕೊನೆಗೆ ಹಲಗೆ ಅಂಟಿಸುವಾಗ ಬಿಗಿಯುವ ಕ್ಲಾಂಪಿನ ಎರಡೂ ಬಾಯಿಗೆ ಬಟ್ಟೆ ಸುತ್ತಿ, ನಡುವೆ ವಾಚಿಟ್ಟು, ಕೂದಲೆಳೆಯಷ್ಟಷ್ಟೇ ತಿರುಗಿಸಿದ. ಟಕ್ ಎಂದಿತು.

ಜುಮ್ರೋ ಮೊಬೈಲು ನೋಡಿ ಹೊತ್ತು ಹೇಳಿದಳು. ಅವನು ಮುಳ್ಳು ಸರಿ ಮಾಡಿ, ಮೈ ತೊಳೆದು, ಲುಂಗಿ ಬದಲಿಸಿ, ತಲೆಗೆ ಕಪ್ಪು ಟೋಪಿ ಇಟ್ಟು ಹೊರಟ. ಬಾಗಿಲಲ್ಲಿ ಒಮ್ಮೆ ನಿಂತ. ಅವಳು ಏನಾದರೂ ಅಂದಾಳೆಂದು ಕಾದ. ಅವಳು ಕೋಲಕ್‌ನ ಪಾತ್ರೆಗೆ ಬಟ್ಟೆ ಕಟ್ಟಿ, ಮಸೀದಿಯ ಹೆಂಗಸರ ಬಾಗಿಲಿನಿಂದ ಒಯ್ಯಲು ತಯಾರಾಗುತ್ತಿದ್ದಳು.

ಮಸೀದಿಯಲ್ಲಿ ಚಾಪೆಯ ಮೇಲೆ ಜನ ಸಾಲಾಗಿ ಕೂತಿದ್ದರು. ಮುಂದೆ ಚಹಾ, ಖರ್ಜೂರ. ಸುಲ್ಹಾದಿಯ ಪೆಟ್ಟಿಗೆ ಗೋಡೆಗೊರಗಿ ಕೂತಿತ್ತು. ಒಬ್ಬೊಬ್ಬರೂ ಮಸ್ರುಕಾನನ ಮಣಿಕಟ್ಟನ್ನೇ ನೋಡಿದರು. ಅವನು ನಗಾರಿಯ ಮುಂದೆ ನಿಂತು ವಾಚು ನೋಡಿದ. ಐದೂ ಐವತ್ತೊಂದು. ಮುಳ್ಳು ಸುತ್ತಿತು. ಕೋಲು ಎತ್ತಿದ. ಐದೂ ಐವತ್ತೆರಡು.

ಮೊದಲ ಏಟಿಗೆ ಅವನ ಎದೆಯೇ ಅದುರಿತು. ವಾಚು ನಿಲ್ಲಲಿಲ್ಲ. ಅದೇ ಗಳಿಗೆಗೆ ದೂರದ ದೊಡ್ಡ ಮಸೀದಿಯ ನಗಾರಿಯೂ ಬಿತ್ತು. ಎರಡರ ಸದ್ದಿನ ನಡುವೆ ಒಂದು ಕೂದಲು ತೂರಿಸಲು ಜಾಗವಿರಲಿಲ್ಲ. ಓಣಿಯಲ್ಲೆಲ್ಲ ಲೋಟಗಳು ಮೇಲೆದ್ದವು.

ನಗಾರಿಯವನಿಗೆ ಚಹಾ ಕೊಡುವುದು ರೂಢಿ. ಇವತ್ತು ಸುಲ್ಹಾದಿಯೇ ಲೋಟ ಹಿಡಿದು ಎದ್ದು ಬಂದ. ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಸಂತೋಷವಾಗಿತ್ತು ಅವನಿಗೆ.

"ಒಂದು ಸೆಕೆಂಡೂ ತಪ್ಪಲಿಲ್ಲ ಪಾಕ್! ನಂದು ತಪ್ಪಾಯ್ತು, ಎಲ್ಲರ ಮುಂದೇನೇ ಹೇಳ್ತೀನಿ. ಏಳು ವರ್ಷದವರಿದ್ದಾಗಿಂದ ಒಂದು ಉಪವಾಸಾನೂ ಮುರಿಯದವರು ನೀವು. ನಿಮ್ಮೆದುರು ಪೆಟ್ಟಿಗೆ ಯಾವ ಲೆಕ್ಕ? ತಗೊಳ್ಳಿ, ಕುಡೀರಿ."

ಬೈದಿದ್ದರೆ ಮಸ್ರುಕಾನ್ ನುಂಗಿಕೊಳ್ಳುತ್ತಿದ್ದ. ಈ ಹೊಗಳಿಕೆ ನುಂಗಲಾಗಲಿಲ್ಲ. ಲೋಟ ಕೈಯಲ್ಲೇ ಉಳಿಯಿತು. ಬೆಳಗಿನಿಂದ ಕಟ್ಟಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಮುರಿದಿದೆ ಮಾರಾಯ್ರೇ! ಇವತ್ತೇ ಮುರಿದಿದೆ. ನಾಲ್ಕು ಗಂಟೆಗೆ. ವಾಚಿನ ಸ್ಕ್ರೂ ನುಂಗಿದೀನಿ!"

ಅಗಿಯುತ್ತಿದ್ದ ಬಾಯಿಗಳು ನಿಂತವು. ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಮುಂದೆ ಕೂತಿದ್ದ ಮುದಿ ಕಿಯಾಯಿ, ಓಣಿಗೆಲ್ಲ ಧರ್ಮದ ಮಾತು ಹೇಳುವವರು, ಕೈ ಎತ್ತಿ ಸುಮ್ಮನಾಗಿಸಿದರು.

"ಜಾರಿ ಹೋಯ್ತೋ, ತಿಳಿದು ನುಂಗಿದ್ಯೋ?"

ಜಾರಿತು ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಕಿಯಾಯಿ ಆ ಬಾಗಿಲನ್ನು ತೆರೆದೇ ಇಟ್ಟಿದ್ದರು.

"ತಿಳಿದೇ ನುಂಗಿದೆ ಅಜ್ಜಾ. ಬಾಯಲ್ಲಿಟ್ಕೊಂಡಿದ್ದೆ, ಪಾಕ್ ಗುರು ಬಂದ್ರು. ಇವರ ಮುಂದೆ ಉಗಿಯೋಕೆ ನಾಚಿಕೆ ಆಯ್ತು. ನುಂಗಿಬಿಟ್ಟೆ."

ಕಿಯಾಯಿ ಒಂದು ಖರ್ಜೂರದ ಬೀಜವನ್ನು ತಟ್ಟೆಯಂಚಿಗೆ ಇಟ್ಟರು.

"ಹಬ್ಬ ಕಳೆದ ಮೇಲೆ ಇದರ ಬದಲಿಗೆ ಒಂದು ದಿನ ಉಪವಾಸ ಹಿಡಿ. ಈಗ ಚಹಾ ಕುಡಿ, ಆರ್ತಾ ಇದೆ."

ಸುಲ್ಹಾದಿ ಮಸ್ರುಕಾನನ ಮಣಿಕಟ್ಟು ಹಿಡಿದು ವಾಚಿಗೆ ಕಿವಿಯಿಟ್ಟ. "ಮತ್ತೆ ಒಳಗೆ ಸೆಲ್ಲನ್ನ ಏನು ಹಿಡ್ಕೊಂಡಿದೆ ಪಾಕ್?"

"ತೇಗ."

ಮೇಷ್ಟ್ರು ಗೋಡೆಗೊರಗಿದ್ದ ಪೆಟ್ಟಿಗೆಯನ್ನು ಎಳೆದು ಅಡ್ಡ ಮಲಗಿಸಿ, ಅದರ ಮೇಲೆ ಚಹಾ ಲೋಟಗಳ ಹರಿವಾಣವಿಟ್ಟು, ಪಕ್ಕದಲ್ಲಿ ಮಸ್ರುಕಾನನಿಗೆ ಜಾಗ ಮಾಡಿಕೊಟ್ಟ.

ಆಗ ಹೆಂಗಸರ ಕಡೆಯ ಪರದೆಯ ಹಿಂದಿನಿಂದ ಜುಮ್ರೋಳ ದನಿ ಬಂತು: "ಪಾಕ್ ಗುರು, ಅವರಿಗೆ ಎರಡನೇ ಲೋಟ ಕೊಡಬೇಡಿ! ಒಳಗಿರೋದು ತುಕ್ಕು ಹಿಡಿದೀತು. ನಾಲ್ಕು ಗಂಟೆಯಿಂದ ನಾನೂ ಕಾಯ್ತಾ ಇದೀನಿ, ಇವರು ಯಾವಾಗ ಬಾಯಿ ಬಿಡ್ತಾರೋ ಅಂತ!"

ಮಸೀದಿಗೆ ಮಸೀದಿಯೇ ನಕ್ಕಿತು. ಮಸ್ರುಕಾನ್ ಚಹಾಕ್ಕೆ ಬಾಯಿ ಹಚ್ಚಿದ. ಆರಿ ತಣ್ಣಗಾಗಿತ್ತು. ಪೂರ್ತಿ ಕುಡಿದ.