ಯಾವ ಸರದಿಗೆ ನಿಲ್ಲಲಿ?

ಬ್ರಿಟಿಷರ ಕಾಲದ ಮಾತು. ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಸಾಲು ಕೋಣೆಗಳ ಒಂದು ಚಾಳು, ಅದಕ್ಕೆಲ್ಲ ಒಂದೇ ನಳ. ಬೆಳಿಗ್ಗೆ ಮೊದಲು ಹೆಂಗಸರ ಸರದಿ, ಆಮೇಲೆ ಗಂಡಸರದು. ಕಾಶವ್ವ ಏಳುವಾಗಲೇ ದಣಿದಿರುತ್ತಿದ್ದಳು. ಗಂಡ ಗೂಳಪ್ಪ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಅವನು ಹೊರಡುವಷ್ಟರಲ್ಲಿ ನೀರು ತುಂಬಿ, ರೊಟ್ಟಿ ಬಡಿದು, ಕೂಸಿಗೆ ಹಾಲು ಕುಡಿಸಬೇಕು. ನಳದ ಮುಂದಿನ ಜಗಳಕ್ಕೆ ಬಾಯಿ ಹಾಕುವ ತ್ರಾಣ ಅವಳಿಗೆಲ್ಲಿತ್ತು?

ಜಗಳವೆಲ್ಲ ಪಕ್ಕದ ಕೋಣೆಯ ಭೀಮವ್ವನ ಮೇಲೆ. ಹುಟ್ಟಿದಾಗ ಮನೆಯವರು ಅವಳಿಗೆ ಇಟ್ಟಿದ್ದು ಗಂಡು ಹೆಸರು. ಆದರೆ ಬುದ್ಧಿ ತಿಳಿದಾಗಿನಿಂದ ತಾನು ಹೆಣ್ಣೆಂದೇ ಅವಳಿಗೆ ಗೊತ್ತಿತ್ತು. ಎಲ್ಲಮ್ಮ ದೇವಿಯ ಸೇವೆಗೆ ಮುತ್ತು ಕಟ್ಟಿಸಿಕೊಂಡು ಜೋಗತಿಯಾಗಿ, ಸೀರೆ ಉಟ್ಟು, ವಿಜಾಪುರದ ಕಡೆಯಿಂದ ಬಂದು ಇಲ್ಲಿ ಹೂ ಕಟ್ಟಿ ಮಾರುತ್ತಿದ್ದಳು.

ಹೆಂಗಸರ ಸರದಿಗೆ ನಿಂತರೆ, "ಗಂಡಸಿಗೆ ಇಲ್ಲೇನ ಕೆಲಸ?" ಎಂದು ಅವಳ ಕೊಡ ಒದೆಯುತ್ತಿದ್ದರು. ಗಂಡಸರ ಸರದಿಗೆ ನಿಂತರೆ ಸೆರಗು ಎಳೆದು ನಗುತ್ತಿದ್ದರು. ಕಡೆಗೆ ಅವಳು ನಳದ ಗೊಡವೆಯೇ ಬಿಟ್ಟು, ದನಗಳ ಮೈ ತೊಳೆಯುವ ಕಾಲುವೆಯಿಂದ ನೀರು ತರತೊಡಗಿದಳು. ಕಾಶವ್ವ ನೋಡಿದಳು, ಸುಮ್ಮನಿದ್ದಳು.

ಆ ಬೇಸಿಗೆಯಲ್ಲಿ ಭೀಮವ್ವನಿಗೆ ವಾಂತಿಭೇದಿ ಹತ್ತಿತು. ಗೋಡೆಯಾಚೆಯ ನರಳಾಟ ಕೇಳಲಾರದೆ ಕಾಶವ್ವ ಎದ್ದಳು.

"ನಿನಗ್ಯಾಕ ಬೇಕ ಈ ಉಸಾಬರಿ? ನಾಕ ಮಂದಿ ಏನಂದಾರು?" ಎಂದ ಗೂಳಪ್ಪ.

"ಆ ನಾಕ ಮಂದ್ಯಾಗ ನಾವೂ ಅದೀವಲ್ರೀ. ಕೂಸಿನ ಕಡೆ ನೋಡ್ರಿ, ನಾ ಟಾಂಗಾ ತರತೀನಿ."

ದವಾಖಾನೆಯ ಬಾಗಿಲಲ್ಲಿ ಕಾರಕೂನ ತಡೆದ. ರೋಗಿ ಗಂಡೋ ಹೆಣ್ಣೋ ತೀರ್ಮಾನವಾಗದೆ ಒಳಗೆ ಬಿಡುವುದಿಲ್ಲ ಎಂದ.

"ಹೇಳಿ ಹೇಳಿ ಸಾಕಾಗ್ಯದ ಕಾಶವ್ವ," ಭೀಮವ್ವ ಕಣ್ಣು ಮುಚ್ಚಿಕೊಂಡೇ ಅಂದಳು. "ಮನೀಗೆ ಒಯ್ದು ಬಿಡವಾ."

ಕಾಶವ್ವನಿಗೂ ಕಾಲು ಸೋತಿದ್ದವು. ಆದರೂ ಬಂದಷ್ಟು ಮರಾಠಿಯಲ್ಲೇ ದನಿ ಏರಿಸಿದಳು: ಇವಳು ನನ್ನ ಅಕ್ಕ, ಹೆಂಗಸರ ಕಡೆ ಮಲಗಿಸಿ!

ಗದ್ದಲ ಕೇಳಿ ನರ್ಸ್ ರಂಗೂಬಾಯಿ ಹೊರಬಂದಳು. ಸೊಲ್ಲಾಪುರದವಳು, ಕನ್ನಡ ಬಲ್ಲವಳು. ಭೀಮವ್ವನನ್ನು ಹೆಂಗಸರ ಕೋಣೆಯಲ್ಲಿ ಮಲಗಿಸಿ ಔಷಧ ಕುಡಿಸಿದ ಮೇಲೆ ಕೇಳಿದಳು: "ಎಲ್ಲೀ ನೀರ ಕುಡದಾಳ? ಮನಿ ಮುಂದ ನಳ ಇಲ್ಲೇನು?"

ಕಾಶವ್ವ ತಲೆ ತಗ್ಗಿಸಿ ಎಲ್ಲ ಹೇಳಿದಳು.

"ಆಕಿ ತಾನು ಹೆಣ್ಣು ಅಂತಾಳ. ಆಕಿಗಿಂತ ಹೆಚ್ಚು ನಿಮ್ಮ ಚಾಳಿನವರಿಗೆ ಗೊತ್ತೇನ್ರೀ? ನೀರು ಕಾಸಿ, ಆರಿಸಿ ಕುಡಸ್ರಿ. ಔಷಧ ನಾ ಕೊಡತೀನಿ, ಸರದಿ ನೀವೇ ಕೊಡಬೇಕು."

ಕಾಶವ್ವ ಮನೆಗೆ ಬಂದು ಗೂಳಪ್ಪನಿಗೂ ಅದನ್ನೇ ಹೇಳಿದಳು.

ಭೀಮವ್ವ ಉಳಿದಳು. ಮನೆಗೆ ಮರಳಿದ ಮರುದಿನ ಕಾಶವ್ವ ಅವಳ ಕೊಡವನ್ನು ತನ್ನ ಕೊಡದ ಮುಂದಿಟ್ಟಳು. "ಇದನ್ನ ಒದ್ರ ನನ್ನ ಕೊಡ ಒದ್ದಂಗ," ಎಂದಳು. ಗೊಣಗಿದವರಿದ್ದರು, ಒದೆಯಲು ಯಾರೂ ಬರಲಿಲ್ಲ. ಕೂಸನ್ನು ಎತ್ತಿಕೊಂಡು ನಿಂತಿದ್ದ ಗೂಳಪ್ಪ ಅದನ್ನು ಹೆಂಡತಿಯ ಕೈಗೆ ಕೊಟ್ಟ. "ನೀ ಕುಂದ್ರು ಭೀಮಕ್ಕ, ಕೊಡ ನಿನ್ನ ಕೋಣೆಗೆ ನಾ ಮುಟ್ಟಸ್ತೀನಿ."

ಭೀಮವ್ವ ನಗಲೂ ಇಲ್ಲ, ಹರಸಲೂ ಇಲ್ಲ. ಗೋಡೆಗೆ ಒರಗಿ ಕೂತಳು, ಅಷ್ಟೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಒಬ್ಬ ಭೀಮವ್ವ ಇರಬಹುದು. ಅವಳು ಹೇಳುವ ಹೆಸರಿನಿಂದಲೇ ಅವಳನ್ನು ಕರೆಯಿರಿ. ನೀರಿನ ಹತ್ತಿರವೋ ದವಾಖಾನೆಯಲ್ಲೋ ಯಾರಾದರೂ ಅವಳನ್ನು ತಡೆದರೆ, ದಣಿದಿದ್ದೇನೆಂದು ಸುಮ್ಮನಿರಬೇಡಿ. ಅವಳು ನಿಮಗಿಂತ ಹೆಚ್ಚು ದಣಿದಿದ್ದಾಳೆ.